ಸರ್ವರ್ ಯಾವ ಊರಾಗ ಐತಿ?

ಯಂಕಂಚಿ ಕಡೆಯ ಮುತ್ಯಾ ಒಬ್ಬರ ಜೋಡಿ ಹೋದ ತಿಂಗಳು ನಾವು ಉತಾರಿ ತೆಗೆಸಲು ಹೋಗಿದ್ದೆವು. ಮುಂಜಾನೆ ಹತ್ತಕ್ಕೆ ಕುಂತವರು ಮಧ್ಯಾಹ್ನ ಎರಡಾದರೂ ಎದ್ದಿರಲಿಲ್ಲ. ಕಂಪ್ಯೂಟರ್ ಮುಂದಿನ ಹುಡುಗ, "ಸರ್ವರ್ ಡೌನ್ ಐತ್ರಿ ಮುತ್ಯಾ, ನಾಳಿ ಬರ್ರಿ" ಅಂದ. ಮುತ್ಯಾ ಪಟಗಾ ಸರಿಮಾಡಿಕೊಂಡು ಕೇಳಿದರು: "ಅದು ಯಾವ ಊರಾಗ ಐತೋ ತಮ್ಮಾ? ಹೇಳು, ಬಸ್ ಹತ್ತಿ ಹೋಗಿ ನಾನೇ ಎಬ್ಬಿಸಿ ಬರ್ತೀನಿ."

ಅಲ್ಲಿದ್ದವರೆಲ್ಲ ನಕ್ಕರು, ನಾವೂ ನಕ್ಕೆವು. ಊರಿಗೆ ಬಂದ ಮೇಲೆ ಮಾತ್ರ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಮುತ್ಯಾನ ಹೊಲ ಇಲ್ಲಿದೆ, ಹೊಲದ ಲೆಕ್ಕ ಮಾತ್ರ ಬೇರೆ ಕಡೆ ಇದೆ. ಅದು ಯಾವಾಗ ಹೋಯಿತು, ಯಾಕೆ ಹೋಯಿತು?

ಮುಂಬೈ ಪ್ರಾಂತದ ಕಾಲದಲ್ಲಿ ನಮ್ಮ ಕಡೆ ಹೊಲದ ಲೆಕ್ಕ ಕುಲಕರ್ಣಿಯ ದಫ್ತರದಲ್ಲಿ ಇರುತ್ತಿತ್ತು. ಕೆಂಪು ಬಟ್ಟೆಯ ಗಂಟು, ಅದನ್ನು ಬಿಚ್ಚಬೇಕಾದರೆ ಅವರ ಮರ್ಜಿ ಕಾಯಬೇಕು. 1950ರ ಕಾಯ್ದೆ ಕುಲಕರ್ಣಿ ವತನ ರದ್ದು ಮಾಡಿತು, ದಫ್ತರ ತಲಾಟಿ ಕೈಗೆ ಬಂತು. ಮರ್ಜಿ ಕಾಯುವುದು ತಪ್ಪಲಿಲ್ಲ. 2000ದ ಹೊತ್ತಿಗೆ 'ಭೂಮಿ' ಯೋಜನೆ ಬಂದು, ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರ್ ಸೇರಿದವು. 15 ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯಲ್ಲಿ ಅಚ್ಚು ಹಾಕಿದ ಉತಾರಿ ಕೈಗೆ ಸಿಗುತ್ತಿತ್ತು. ಕೈಬರಹದ ಉತಾರಿಗೆ ಬೆಲೆ ಇಲ್ಲವೆಂದು ಸರ್ಕಾರ ಸಾರಿತು. ಲಂಚ ಕಡಿಮೆಯಾದದ್ದು ಸುಳ್ಳಲ್ಲ, ದೇಶವಿದೇಶದಲ್ಲಿ ಹೊಗಳಿದರು.

ಆದರೆ 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಅವರ ಜೊತೆಗಾರ ಸಂಶೋಧಕರು ಇನ್ನೊಂದು ಮಾತು ಬರೆದರು. ಲೆಕ್ಕವೆಲ್ಲ ಒಂದೇ ಕಡೆ ಸೇರಿದ್ದರಿಂದ, ಬೆಂಗಳೂರಿನ ಸುತ್ತ ಜಮೀನು ಹುಡುಕುವ ದೊಡ್ಡ ಕುಳಗಳಿಗೆ ಹುಡುಕುವುದು ಹಗುರಾಯಿತು ಅಂತ. ಊರಿನ ಗುಟ್ಟು ಊರಲ್ಲಿ ಉಳಿಯಲಿಲ್ಲ. ಮೊದಲು ತಾಲೂಕಿನಲ್ಲಿದ್ದ ಲೆಕ್ಕ ಮುಂದೆ ಬೆಂಗಳೂರಿನ ಡೇಟಾ ಸೆಂಟರ್ ಸೇರಿತು. ಮುತ್ಯಾನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿದೆ.

ಡೇಟಾ ಸೆಂಟರ್ ಅಂದರೆ ಏನು? ಸಾವಿರಾರು ಕಂಪ್ಯೂಟರ್‌ಗಳನ್ನು ಕಪಾಟಿನಲ್ಲಿ ಜೋಡಿಸಿಟ್ಟ ದೊಡ್ಡ ಗೋದಾಮು. ನಮ್ಮ ಕಡೆಯ ಗೋದಾಮಿನಲ್ಲಿ ಜೋಳ, ತೊಗರಿ ಇಡುತ್ತಾರೆ, ಅಲ್ಲಿ ನಮ್ಮ ಉತಾರಿ, ಫೋನ್‌ಪೇ ಲೆಕ್ಕ, ವಾಟ್ಸಾಪ್ ಫೋಟೋ. ಹಗಲು ರಾತ್ರಿ ಬಿಸಿಯೇರುವ ಯಂತ್ರಗಳನ್ನು ತಣ್ಣಗಿಡಲು ಬಹಳ ಕರೆಂಟು ಬೇಕು, ಹಲವು ಕಡೆ ಬಹಳ ನೀರೂ ಬೇಕು. 2022ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಇವಕ್ಕೆ ರಸ್ತೆ, ಬಂದರಿನಂತೆ ಮೂಲಸೌಕರ್ಯದ ಸ್ಥಾನ ಕೊಟ್ಟಿತು. ಅದೇ ವರ್ಷ ಕರ್ನಾಟಕವೂ ಡೇಟಾ ಸೆಂಟರ್ ನೀತಿ ತಂದಿತು. ಆಮೇಲೆ ದುಡ್ಡಿನ ಹೊಳೆ. 2025ರ ಅಕ್ಟೋಬರ್‌ನಲ್ಲಿ ಗೂಗಲ್, ಅದಾನಿ ಮತ್ತು ಏರ್‌ಟೆಲ್ ಜೊತೆ ಸೇರಿ ವಿಶಾಖಪಟ್ಟಣದಲ್ಲಿ ಐದು ವರ್ಷಕ್ಕೆ 1,500 ಕೋಟಿ ಡಾಲರ್ ಹಾಕುವುದಾಗಿ ಹೇಳಿತು. ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಭಾರತಕ್ಕೆ 1,750 ಕೋಟಿ ಡಾಲರ್ ಅಂದಿತು. ಆಂಧ್ರ ಇದಕ್ಕಾಗಿ ಕೊಟ್ಟ ರಿಯಾಯಿತಿಗಳ ಬಗ್ಗೆ ನಮ್ಮ ಐಟಿ ಸಚಿವ ಪ್ರಿಯಾಂಕ್ ಖರ್ಗೆ ತಕರಾರು ತೆಗೆದದ್ದೂ ಸುದ್ದಿಯಾಯಿತು.

ವಿಶಾಖಪಟ್ಟಣದ ಲೆಕ್ಕ ಗಿಗಾವ್ಯಾಟ್‌ನಲ್ಲಿದೆ. ಒಂದು ಗಿಗಾವ್ಯಾಟ್ ಅಂದರೆ 1,000 ಮೆಗಾವ್ಯಾಟ್. ನಮ್ಮ ಕೂಡಗಿಯ ಎನ್‌ಟಿಪಿಸಿಯಲ್ಲಿ 800 ಮೆಗಾವ್ಯಾಟ್‌ನ ಮೂರು ಘಟಕಗಳಿವೆ. ಅದರಲ್ಲಿ ಒಂದು ಇಡೀ ಘಟಕ ಓಡಿದರೂ ಆ ಗೋದಾಮಿಗೆ ಸಾಲದು.

ದೊಡ್ಡ ದುಡ್ಡು ಬಂದು ಹೋದ ದಾರಿ ನಮ್ಮ ಜಿಲ್ಲೆಗೆ ಹೊಸದಲ್ಲ. 1876-78ರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ ಸುಡುಗಾಡಾಗಿತ್ತು. 8 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಎಣಿಕೆಗೆ ಆರೂವರೆ ಲಕ್ಷದ ಒಳಗೆ ಇಳಿದಿತ್ತು. ಅದರ ನಂತರ ಸದರ್ನ್ ಮರಾಠಾ ರೈಲ್ವೆ ಕಂಪನಿ ಬಂತು, 1884ರಲ್ಲಿ ಹೊಟಗಿ-ಗದಗ ಹಳಿ ಶುರುವಾಯಿತು. ಹಳಿ ಬಂದದ್ದರಿಂದ ಮುಂದಿನ ಬರಗಳಲ್ಲಿ ಕಾಳು ತರಲು ದಾರಿಯಾಯಿತು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಕಾಲದ ರೈಲು ಕಂಪನಿಗಳ ಪಾಲುದಾರರು ಲಂಡನ್ನಿನಲ್ಲಿದ್ದರು. ಮೊದಮೊದಲಿನ ಕಂಪನಿಗಳಿಗಂತೂ ಲಾಭ ಬರಲಿ ಬಿಡಲಿ, ನೂರಕ್ಕೆ 5ರಂತೆ ಬಡ್ಡಿಯ ಭರವಸೆ ಇತ್ತು. ಕಡಿಮೆ ಬಿದ್ದರೆ ತುಂಬಿಕೊಡುತ್ತಿದ್ದದ್ದು ಇಲ್ಲಿನ ರೈತರ ಕಂದಾಯದಿಂದ. ಎಂಜಿನ್ ವಿಲಾಯತಿಯಿಂದ ಬಂತು, ನಮ್ಮವರಿಗೆ ಸಿಕ್ಕದ್ದು ಮಣ್ಣು ಹೊರುವ ಕೆಲಸ. ಈಗಿನ ಡೇಟಾ ಸೆಂಟರ್‌ನಲ್ಲೂ ಹೆಚ್ಚು ಬೆಲೆಯ ಮಾಲು ಚಿಪ್ಪು, ಅದು ತೈವಾನಿನಲ್ಲಿ ತಯಾರಾಗಿ ಬರುತ್ತದೆ. ಕಟ್ಟುವಾಗ ಕೆಲಸ ಬಹಳ, ಕಟ್ಟಿ ಮುಗಿದ ಮೇಲೆ ನಡೆಸಲು ಬೇಕಾಗುವ ಮಂದಿ ಕಡಿಮೆ.

1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಹದಿನೆಂಟು ದಿನದಲ್ಲಿ ಅವರು ಪ್ರಧಾನಿಯಾದರು. ಅಣೆಕಟ್ಟು ಲೋಕಾರ್ಪಣೆಯಾಗಲು 2006 ಬರಬೇಕಾಯಿತು. ನೂರಕ್ಕೂ ಹೆಚ್ಚು ಹಳ್ಳಿಗಳು, ಹಳೇ ಬಾಗಲಕೋಟೆಯ ಓಣಿಗಳು ನೀರಿಗೆ ಹೋದವು. ಮುಳುಗಿದ ಊರಿನವರು ಯಾರು, ನೀರು ಕಂಡ ಊರಿನವರು ಯಾರು ಅನ್ನುವ ಜಗಳ ಇವತ್ತಿಗೂ ನಮ್ಮ ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಮುಗಿದಿಲ್ಲ.

ಅದೇ ಆಲಮಟ್ಟಿಯ ನೀರು ಕೂಡಗಿಗೂ ಬಂತು. ಅಲ್ಲಿ ಸ್ಥಾವರ ಬೇಡವೆಂದು ರೈತರು ಬೀದಿಗಿಳಿದರು. 2014ರ ಜುಲೈನಲ್ಲಿ ಪೊಲೀಸರು ಗುಂಡು ಹಾರಿಸಿದರು. ಸ್ಥಾವರ ನಿಂತಿತು, 2,400 ಮೆಗಾವ್ಯಾಟ್ ಹುಟ್ಟತೊಡಗಿತು. ಆ ಕರೆಂಟಿನ ದಾರಿ ಹಿಡಿದು ನೋಡಿದರೆ ಕೂಡಗಿಯಿಂದ ಧಾರವಾಡದ ನರೇಂದ್ರ, ಅಲ್ಲಿಂದ ತುಮಕೂರಿನ ಮಧುಗಿರಿ, ಅಲ್ಲಿಂದ ಬೆಂಗಳೂರಿನ ಮಗ್ಗುಲಿನ ಬಿಡದಿ. ನಮ್ಮ ಹೊಲದ ಮೇಲೆ ಹಾದುಹೋದ ಆ ದಪ್ಪ ತಂತಿಯಿಂದ ನಮ್ಮ ಮೋಟಾರಿಗೆ ಕರೆಂಟು ಇಳಿಯುವುದಿಲ್ಲ. ಅದಕ್ಕೆ ತ್ರೀಫೇಸ್ ಸರದಿ ಬೇರೆ, ಅದೂ ಹಲವು ಸಲ ರಾತ್ರಿ ಹೊತ್ತು. ಡೇಟಾ ಸೆಂಟರಿಗೆ ಸರದಿ ಇಲ್ಲ, ಒಂದು ನಿಮಿಷ ಹೋದರೂ ನಡೆಯದು. ಅಮೆರಿಕದ ಪೂರ್ವ ಭಾಗದಲ್ಲಿ ಇಂಥ ಗೋದಾಮುಗಳು ಹೆಚ್ಚಾದ ಮೇಲೆ, ಮುಂದಿನ ವರ್ಷಕ್ಕೆ ಕರೆಂಟು ಕಾಯ್ದಿರಿಸುವ ಹರಾಜಿನಲ್ಲಿ ದರ ಒಂದೇ ಸಲಕ್ಕೆ ದಿನವೊಂದಕ್ಕೆ ಮೆಗಾವ್ಯಾಟ್‌ಗೆ ಸುಮಾರು 29 ಡಾಲರ್‌ನಿಂದ 270 ಡಾಲರ್‌ಗೆ ಜಿಗಿಯಿತು. ಗೋದಾಮುಗಳ ಬೇಡಿಕೆ ಅದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು. ಅದರ ಬಿಸಿ ಅಲ್ಲಿನ ಮನೆಗಳ ಬಿಲ್ಲಿಗೂ ತಟ್ಟಿತು.

ಕಂಪನಿಗಳು ಈಗ ಕಲ್ಲಿದ್ದಲು ಬೇಡ, ಬಿಸಿಲು-ಗಾಳಿಯ ಕರೆಂಟು ಬೇಕು ಅನ್ನುತ್ತವೆ. ಬಿಸಿಲು ಎಲ್ಲಿದೆ? ನಮ್ಮಲ್ಲಿದೆ. ಮುತ್ಯಾ ಉತಾರಿ ತೆಗೆಸಲು ಹೋದದ್ದೂ ಅದಕ್ಕೇ. ಸೋಲಾರ್‌ಗೆ ಹೊಲ ಲೀಜಿಗೆ ಕೊಡಿಸುತ್ತೇನೆ ಅಂತ ಒಬ್ಬ ಏಜೆಂಟ್ ಎರಡು ಸಲ ಮನೆಗೆ ಬಂದು ಹೋಗಿದ್ದಾನೆ.

ಇದಕ್ಕೆ ನಮ್ಮ ರಾಜ್ಯದಲ್ಲೇ ಪಾಠ ಇದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಅಲ್ಲಿ ಜಮೀನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ 28 ವರ್ಷಕ್ಕೆ ಗುತ್ತಿಗೆ ಹಿಡಿದರು. ಎರಡು ವರ್ಷಕ್ಕೊಮ್ಮೆ ನೂರಕ್ಕೆ 5 ಏರಿಕೆ. ಮೇಲಿಂದ ಮೇಲೆ ಬರ ಕಂಡ ನೆಲದಲ್ಲಿ ಅದು ಸಣ್ಣ ಮಾತಲ್ಲ. ಹತ್ತೆಕರೆ ಇದ್ದವರು ಮಳೆಯ ಮುಖ ನೋಡುವುದು ಬಿಟ್ಟರು. ಹೊಲ ಇಲ್ಲದವರ ಪಾಡು ಬೇರೆ. ಕಳೆ ಕೀಳುವ, ಶೇಂಗಾ ಬಿಡಿಸುವ ಕೂಲಿ ಹೋಯಿತು. ಕುರಿ ಮೇಯಿಸುವವರಿಗೆ ಬೇಲಿ ಅಡ್ಡ ಬಂತು. ಬಾಡಿಗೆ ಚೀಟಿಯಲ್ಲಿ ಅವರ ಹೆಸರು ಇರಲು ಉತಾರಿಯಲ್ಲೇ ಅವರ ಹೆಸರು ಇರಲಿಲ್ಲ.

ನಾವು ಇದನ್ನು ಮುತ್ಯಾಗೆ ಹೇಳಿದೆವು. ಅವರ ಹೊಲದಲ್ಲಿ ಪ್ರತಿ ವರ್ಷ ಜೋಳ ಕೀಳಲು ಒಂದೇ ಓಣಿಯ ಹೆಣ್ಣುಮಕ್ಕಳು ಬರುತ್ತಾರೆ. ಮುತ್ಯಾ ಬಹಳ ಹೊತ್ತು ಸುಮ್ಮನಿದ್ದು, "ಅವರಿಗೂ ಒಂದು ಮಾತ ಕೇಳಬೇಕಾಗ್ತದ ನೋಡು" ಅಂದರು.

ಮೂರನೇ ದಿನ ಸರ್ವರ್ ಎದ್ದಿತು. ಉತಾರಿ ಕೈಗೆ ಬಂದಾಗ ಮುತ್ಯಾ ಸರ್ವೆ ನಂಬರು, ಎಕರೆ-ಗುಂಟೆ ಎರಡೆರಡು ಸಲ ನಮ್ಮ ಕಡೆಯಿಂದ ಓದಿಸಿದರು. ಏಜೆಂಟನಿಗೆ ಫೋನ್ ಹಚ್ಚಿಸಿ, ಕರಾರಿನ ಕಾಗದ ಮೊದಲು ಕನ್ನಡದಲ್ಲಿ ಕೊಡು, ಬಾಡಿಗೆ ಎರಡು ವರ್ಷಕ್ಕೆ ಎಷ್ಟು ಏರ್ತದ ಅಂತ ಅದರಾಗ ಬರೆದಿರಬೇಕು, ಕಂಪನಿ ಕೈಬದಲಾದರೆ ಬಾಡಿಗೆ ಕೊಡುವವರು ಯಾರು ಅಂತಲೂ ಇರಬೇಕು ಅಂದರು. ಏಜೆಂಟ್ ಕೇಳಿ ಹೇಳ್ತೀನಿ ಅಂದಿದ್ದಾನೆ. ಈ ಬರಹ ಕಳಿಸುವ ತನಕ ಅವನ ಫೋನ್ ಬಂದಿಲ್ಲ. ಉತಾರಿ ಮುತ್ಯಾನ ಟ್ರಂಕಿನಲ್ಲಿದೆ.