ಒಂದು ಮನೆ, ಒಂದು ಹಡಗು: ಫಿಲಡೆಲ್ಫಿಯಾದಲ್ಲಿ ಒಂದು ದಿನ

ಫಿಲಡೆಲ್ಫಿಯಾ ಡೆಲವೇರ್ ನದಿಯ ದಡದಲ್ಲಿ ವಿಲಿಯಂ ಪೆನ್ 1682ರಲ್ಲಿ ಸ್ಥಾಪಿಸಿದ ಊರು. 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಒಪ್ಪಿಗೆ ಸಿಕ್ಕಿದ್ದೂ 1787ರಲ್ಲಿ ಸಂವಿಧಾನ ಸಿದ್ಧವಾದದ್ದೂ ಇಲ್ಲಿಯ ಒಂದೇ ಕಟ್ಟಡದಲ್ಲಿ. ಅದೇ ಇಂಡಿಪೆಂಡೆನ್ಸ್ ಹಾಲ್. ಕಳೆದ ಬೇಸಿಗೆ ರಜೆಯಲ್ಲಿ ನಾವು ಮನೆಯವರೆಲ್ಲ ಒಂದು ದಿನ ಈ ಹಳೆಯ ಊರನ್ನು ನಡೆದೇ ನೋಡಿದೆವು.

ಇಂಡಿಪೆಂಡೆನ್ಸ್ ಹಾಲ್‌ನ ಸಭಾಂಗಣ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಹಸಿರು ಬಟ್ಟೆ ಹಾಸಿದ ಮೇಜುಗಳು, ಜಾರ್ಜ್ ವಾಷಿಂಗ್ಟನ್ ಕುಳಿತಿದ್ದ ಕುರ್ಚಿ ಅಲ್ಲಿವೆ. ರಸ್ತೆ ದಾಟಿದರೆ ಬಿರುಕು ಬಿಟ್ಟ ಲಿಬರ್ಟಿ ಬೆಲ್. ಸುಮಾರು 940 ಕಿಲೋ ತೂಕದ ಈ ಗಂಟೆಗೆ ಮೊದಲು ಆ ಹೆಸರಿರಲಿಲ್ಲ. ಗುಲಾಮಗಿರಿಯನ್ನು ವಿರೋಧಿಸಿದವರು 1830ರ ದಶಕದಲ್ಲಿ ಅದನ್ನು ತಮ್ಮ ಚಳವಳಿಯ ಗುರುತು ಮಾಡಿಕೊಂಡ ಮೇಲೆ ಆ ಹೆಸರು ಬಳಕೆಗೆ ಬಂತು.

ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಈಗ ಅಲ್ಲಿ ಇಲ್ಲದ ಒಂದು ಮನೆ ಮತ್ತು ಒಂದು ಹಡಗು.

ವಾಷಿಂಗ್ಟನ್ ಅಧ್ಯಕ್ಷರಾಗಿ 1790ರಿಂದ 1797ರವರೆಗೆ ಇದ್ದ ಮನೆಯ ಜಾಗ ಗಂಟೆಯ ಪಕ್ಕದಲ್ಲೇ ಇದೆ. ಅವರು ಗುಲಾಮರಾಗಿ ಇಟ್ಟುಕೊಂಡಿದ್ದ ಒಂಬತ್ತು ಜನ ಆ ಮನೆಯಲ್ಲಿ ದುಡಿದರು. ಈಗ ಅವರ ಹೆಸರುಗಳನ್ನು ಗೋಡೆಯಲ್ಲಿ ಕೆತ್ತಿದ್ದಾರೆ. ಹೊರ ರಾಜ್ಯದವರು ತಂದ ಗುಲಾಮರು ಆರು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿದ್ದರೆ ಬಿಡುಗಡೆ ಪಡೆಯಲು ಪೆನ್ಸಿಲ್ವೇನಿಯಾದ 1780ರ ಕಾನೂನು ದಾರಿ ಮಾಡಿತ್ತು. ಅದಕ್ಕೇ ವಾಷಿಂಗ್ಟನ್ ಆರು ತಿಂಗಳು ತುಂಬುವ ಮೊದಲೇ ಅವರನ್ನು ರಾಜ್ಯದ ಗಡಿ ದಾಟಿಸಿ, ಮತ್ತೆ ಕರೆಸಿಕೊಳ್ಳುತ್ತಿದ್ದರು. ಅವರಲ್ಲಿ ಓನಾ ಜಡ್ಜ್ ಎಂಬ ಯುವತಿ 1796ರಲ್ಲಿ ತಪ್ಪಿಸಿಕೊಂಡು, ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರ್ ಸೇರಿದರು. ವಾಷಿಂಗ್ಟನ್ ಹುಡುಕಿಸಿ ಹೇಳಿಕಳಿಸಿದರೂ ಅವರು ಮರಳಲಿಲ್ಲ.

ಸಂಜೆ ನದಿಯ ದಡದಲ್ಲಿ ಅಪ್ಪ ಹಡಗಿನ ಕಥೆ ಹೇಳಿದರು. ಸ್ವಾತಂತ್ರ್ಯ ಯುದ್ಧದ ಕೊನೆಯ ವರ್ಷಗಳಲ್ಲಿ ತಮ್ಮ ವ್ಯಾಪಾರದ ಹಡಗುಗಳನ್ನು ಬ್ರಿಟಿಷರಿಂದ ಕಾಪಾಡಲು ಈ ಊರಿನವರು ಒಂದು ಹಡಗಿಗೆ 16 ಫಿರಂಗಿ ಜೋಡಿಸಿದರು. ಅದರ ಹೆಸರು ‘ಹೈದರ್ ಅಲಿ’. ಹೌದು, ನಮ್ಮ ಮೈಸೂರಿನ ಹೈದರಾಲಿ! ಆಗ ಅವರೂ ಬ್ರಿಟಿಷರ ವಿರುದ್ಧ ಯುದ್ಧದಲ್ಲಿದ್ದರು. 1780ರಲ್ಲಿ ಪೊಲ್ಲಿಲೂರಿನಲ್ಲಿ ಮೈಸೂರಿನ ಸೇನೆ ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ಸೋಲಿಸಿತ್ತು. 1782ರ ಏಪ್ರಿಲ್ 8ರಂದು ಈ ಹಡಗಿನ ನಾಯಕ, 22 ವರ್ಷದ ಜೋಶುವಾ ಬಾರ್ನಿ, ಡೆಲವೇರ್ ಕೊಲ್ಲಿಯಲ್ಲಿ ‘ಜನರಲ್ ಮಾಂಕ್’ ಎಂಬ ಹೆಚ್ಚು ಬಲವಾದ ಬ್ರಿಟಿಷ್ ಹಡಗನ್ನು ಸುಮಾರು ಅರ್ಧ ಗಂಟೆಯಲ್ಲಿ ಸೆರೆಹಿಡಿದರು.

ಅಮೆರಿಕದ ಇತಿಹಾಸ ಶಾಲೆಯದು, ಮೈಸೂರಿನ ಇತಿಹಾಸ ಅಜ್ಜಿ ಮನೆಯದು ಎಂದು ನಾನು ಬೇರೆ ಬೇರೆ ಇಟ್ಟಿದ್ದೆ. ಅವೆರಡೂ ಒಂದೇ ನದಿಯಲ್ಲಿ ಸೇರಿದ್ದವು. ಸಾವಿರಾರು ಮೈಲಿ ದೂರದಲ್ಲಿ ಹೋರಾಡುತ್ತಿದ್ದವರ ಹೆಸರನ್ನು ಹೊತ್ತು ಒಂದು ಹಡಗು ಇಲ್ಲಿಂದ ಹೆಮ್ಮೆಯಿಂದ ಹೊರಟಿತು. ಹದಿನಾಲ್ಕು ವರ್ಷದ ಮೇಲೆ ಅದೇ ದಡದಿಂದ ಓನಾ ಜಡ್ಜ್ ಗುಟ್ಟಾಗಿ ಹೊರಡಬೇಕಾಯಿತು. ಈ ಎರಡೂ ಪಯಣಗಳನ್ನು ತಿಳಿದುಕೊಂಡರೆ ಮಾತ್ರ ಆ ಬಿರುಕು ಬಿಟ್ಟ ಗಂಟೆಯ ಹೆಸರು ಪೂರ್ತಿ ಅರ್ಥವಾಗುತ್ತದೆ ಎಂದು ನನಗನ್ನಿಸುತ್ತದೆ.