ದವಾಖಾನೆ ಅಂಗಡಿಯೇ?

ವೈದ್ಯರೊಬ್ಬರು ಬಾಡಿಗೆಗೆ ಕೋಣೆ ಹಿಡಿದು, ಹೊರಗೆ ಬೋರ್ಡು ಹಾಕಿ, ಒಬ್ಬ ನರ್ಸನ್ನೂ ಒಬ್ಬ ಕಾಂಪೌಂಡರನ್ನೂ ಸಂಬಳಕ್ಕಿಟ್ಟುಕೊಂಡು ರೋಗಿಗಳನ್ನು ನೋಡತೊಡಗಿದರೆ ಆ ಜಾಗವನ್ನು ಏನೆಂದು ಕರೆಯಬೇಕು? ಬೋರ್ಡಿದೆ, ನೌಕರರಿದ್ದಾರೆ, ಬಂದವರು ಹಣ ಕೊಟ್ಟು ಹೋಗುತ್ತಾರೆ. ಪಕ್ಕದ ಕಿರಾಣಿ ಅಂಗಡಿಯಲ್ಲೂ ಇಷ್ಟೇ ನಡೆಯುತ್ತದೆ. ಕುಚೋದ್ಯದಂತೆ ಕೇಳಿಸುವ ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ನಮ್ಮಲ್ಲಿ ವೈದ್ಯಕೀಯಕ್ಕೆ ಪರವಾನಗಿ ಬಂದ ಚರಿತ್ರೆಯನ್ನು ಓದಿದಷ್ಟೂ ಅದೆಲ್ಲ ಈ ಪ್ರಶ್ನೆಯ ಸುತ್ತಲೇ ಸುತ್ತಿದೆ ಎಂದು ನನಗನ್ನಿಸಿದೆ.

ಮೊದಲು ನೋಂದಣಿಯಾದದ್ದು ಮನುಷ್ಯ, ಜಾಗವಲ್ಲ. 1858ರಲ್ಲಿ ಬ್ರಿಟನ್ ವೈದ್ಯರ ರಿಜಿಸ್ಟರೊಂದನ್ನು ತೆರೆಯಿತು. ಕಲಿತ ವೈದ್ಯರು ಯಾರು, ಅಲ್ಲದವರು ಯಾರು ಎಂಬುದು ಜನಕ್ಕೆ ತಿಳಿಯಲಿ ಎಂಬುದು ಅದರ ಆಶಯ. ಆ ಮಾದರಿ 1912ರ ಬಾಂಬೆ ಮೆಡಿಕಲ್ ಆ್ಯಕ್ಟ್‌ನೊಂದಿಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡಗಳಿಗೆ ಬಂತು. ಆಗ ಅವು ಮುಂಬಯಿ ಪ್ರಾಂತದಲ್ಲಿದ್ದವು. 1914ರ ಮದ್ರಾಸ್ ಕಾಯ್ದೆ ದಕ್ಷಿಣ ಕನ್ನಡ, ಬಳ್ಳಾರಿಗಳಿಗೆ ಅನ್ವಯಿಸಿತು. ಮೈಸೂರು ಸಂಸ್ಥಾನ ತನ್ನದೇ ಕಾಯ್ದೆ ಮಾಡಿಕೊಂಡಿತು. ಹೀಗೆ ಹಂಚಿಹೋಗಿದ್ದ ಕನ್ನಡನಾಡಿನ ವೈದ್ಯರನ್ನು ಒಂದೇ ರಿಜಿಸ್ಟರಿಗೆ ತಂದದ್ದು ಏಕೀಕರಣದ ನಂತರದ 1961ರ ಕಾಯ್ದೆ.

1912ರ ಕಾಯ್ದೆಯಲ್ಲಿ ಒಂದು ಸೂಕ್ಷ್ಮವಿತ್ತು. ರಿಜಿಸ್ಟರಿನಲ್ಲಿ ಹೆಸರಿಲ್ಲದವರು ಚಿಕಿತ್ಸೆ ಮಾಡಲೇಬಾರದೆಂದು ಅದು ಹೇಳಲಿಲ್ಲ. ಹೆಸರಿದ್ದವರ ಸರ್ಟಿಫಿಕೇಟಿಗೆ ಬೆಲೆ, ಹೆಸರಿದ್ದವರಿಗೆ ಸರ್ಕಾರಿ ಕೆಲಸ, ಅಷ್ಟೆ. ಪಂಡಿತರೂ ಹಕೀಮರೂ ಹೊರಗುಳಿದರು. ಆದರೆ ಅವರ ಬಳಿ ಹೋಗುವ ಜನ ನಿಲ್ಲಲಿಲ್ಲ. ರಿಜಿಸ್ಟರು ರೋಗಿಗೆ ಕೊಟ್ಟದ್ದು ಒಂದು ಗುರುತು ಮಾತ್ರ: ಈ ಮನುಷ್ಯ ತಪ್ಪಿದರೆ ಕೇಳುವ ಮಂಡಳಿಯೊಂದಿದೆ, ಅದು ಇವನ ಹೆಸರನ್ನು ಹೊಡೆದುಹಾಕಬಲ್ಲದು.

ಈ ವ್ಯವಸ್ಥೆಯಲ್ಲಿ ದವಾಖಾನೆಗೆ ಬೇರೆ ಅಸ್ತಿತ್ವವೇ ಇರಲಿಲ್ಲ. ಡಾಕ್ಟರು ಕೂತಲ್ಲೇ ದವಾಖಾನೆ. 1968ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. ಗುಜರಾತಿನ ಡಾ. ದೇವೇಂದ್ರ ಸೂರ್ತಿ ಅವರ ಖಾಸಗಿ ಡಿಸ್ಪೆನ್ಸರಿ, 1948ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಬರುತ್ತದೆಯೇ ಎಂಬುದು ಪ್ರಶ್ನೆ. ಬರುವುದಿಲ್ಲ ಎಂದಿತು ನ್ಯಾಯಾಲಯ. ವೈದ್ಯನ ಕೆಲಸ ನಿಂತಿರುವುದು ಅವನ ಸ್ವಂತ ಕೌಶಲ ಮತ್ತು ಬುದ್ಧಿಯ ಮೇಲೆ, ಅದು ವ್ಯಾಪಾರವಲ್ಲ ಎಂಬುದು ತೀರ್ಪಿನ ತಿರುಳು.

ಈ ತರ್ಕ ಒಬ್ಬ ಡಾಕ್ಟರು, ಒಂದು ಕೋಣೆಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಹಾಸಿಗೆ ಹಾಕಿ ರೋಗಿಯನ್ನು ರಾತ್ರಿ ಉಳಿಸಿಕೊಳ್ಳುವಲ್ಲಿ ಕಟ್ಟಡ, ನರ್ಸು, ನೀರು, ಆಮ್ಲಜನಕ ಎಲ್ಲವೂ ಚಿಕಿತ್ಸೆಯ ಭಾಗವೇ. ಡಾಕ್ಟರ ಪದವಿ ಸರಿಯಿದ್ದ ಮಾತ್ರಕ್ಕೆ ಅವೆಲ್ಲ ಸರಿಯಿರುತ್ತವೆ ಎನ್ನಲಾಗದು. ಹಾಗಾಗಿ ಕಾನೂನು ಮನುಷ್ಯನಿಂದ ಮನೆಯ ಕಡೆಗೆ ತಿರುಗಿತು. ಮುಂಬಯಿ 1949ರಲ್ಲೇ ನರ್ಸಿಂಗ್ ಹೋಮುಗಳ ನೋಂದಣಿಗೆ ಕಾಯ್ದೆ ತಂದಿತ್ತು, ಕರ್ನಾಟಕ 1976ರಲ್ಲಿ ತಂದಿತು.

ಮೂರನೆಯ ಹೆಜ್ಜೆ ಕಂಪನಿಯದು. ವೈದ್ಯರೇ ಆದ ಪ್ರತಾಪ್ ಸಿ. ರೆಡ್ಡಿ 1983ರಲ್ಲಿ ಅಂದಿನ ಮದ್ರಾಸಿನಲ್ಲಿ ಅಪೋಲೋ ಆಸ್ಪತ್ರೆ ತೆರೆದಾಗ ಅದರ ಒಡೆತನ ಒಂದು ಕಂಪನಿಯದಾಗಿತ್ತು. ಅಮೆರಿಕದ ಹಲವು ರಾಜ್ಯಗಳಲ್ಲಿ ಸಾಮಾನ್ಯ ಕಂಪನಿ ವೈದ್ಯವೃತ್ತಿ ನಡೆಸುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ ವೃತ್ತಿಪರ ಕಂಪನಿಗಳಿಗೆಂದೇ 1968ರ ಕಾಯ್ದೆಯಿದೆ, ವೈದ್ಯಕೀಯ ಕಂಪನಿಯ ಷೇರುಗಳಲ್ಲಿ ಹೆಚ್ಚಿನ ಪಾಲು ವೈದ್ಯರದೇ ಆಗಿರಬೇಕು. ನಮ್ಮಲ್ಲಿ ಅಂಥ ಗೋಡೆಯಿಲ್ಲ. ವೈದ್ಯರಲ್ಲದವರು ಷೇರು ಕೊಂಡು ಆಸ್ಪತ್ರೆಯ ಒಡೆಯರಾಗಬಹುದು. ಆದರೆ ವೈದ್ಯರ ರಿಜಿಸ್ಟರಿನಲ್ಲಿ ಕಂಪನಿಯ ಹೆಸರು ಬರೆಯುವ ಜಾಗವಿಲ್ಲ. ತಪ್ಪಿದಾಗ ಹೊಡೆದುಹಾಕಲು ಅಲ್ಲಿರುವುದು ಸಂಬಳಕ್ಕೆ ದುಡಿಯುವ ಡಾಕ್ಟರ ಹೆಸರೊಂದೇ.

ಹಾಗಾದರೆ ಆಸ್ಪತ್ರೆಯನ್ನು ಕೇಳುವವರು ಯಾರು? 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 'ಸೇವೆ' ಎಂದಿತು. ಕೆಲವರಿಂದ ಹಣ ಪಡೆದು ಕೆಲವರನ್ನು ಉಚಿತವಾಗಿ ನೋಡುವ ಆಸ್ಪತ್ರೆಯಲ್ಲಿ, ಹಣ ಕೊಡದ ಬಡವನಿಗೂ ಆ ಹಕ್ಕು ಸಿಕ್ಕಿತು. ಅಂಗಡಿಯಲ್ಲ ಎಂದ ನ್ಯಾಯಾಲಯವೇ ರೋಗಿಯನ್ನು ಗ್ರಾಹಕನೆಂದಿತು. ಮೇಲುನೋಟಕ್ಕೆ ಇದು ವಿರೋಧಾಭಾಸ. ನನಗೆ ಹಾಗೆ ಕಾಣುವುದಿಲ್ಲ. ಮೊದಲ ತೀರ್ಪು ವೈದ್ಯನ ಕಡೆಯಿಂದ ನೋಡಿತು, ಎರಡನೆಯದು ರೋಗಿಯ ಕಡೆಯಿಂದ. ದವಾಖಾನೆಗೆ ಎರಡು ಬಾಗಿಲುಗಳಿವೆ ಎಂದಷ್ಟೇ ಇದರ ಅರ್ಥ.

ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಕ್ಲಿನಿಕ್ಕು, ಲ್ಯಾಬು, ದೊಡ್ಡ ಆಸ್ಪತ್ರೆ ಎಲ್ಲವನ್ನೂ ಒಂದೇ ಸೂರಿನಡಿ ತಂದಿತು. ಎಲ್ಲರೂ ನೋಂದಣಿ ಮಾಡಿಸಬೇಕು, ದರಗಳನ್ನು ರೋಗಿಗಳಿಗೆ ತಿಳಿಸಬೇಕು. ನಾನು ಹೋಗುವ ಕ್ಲಿನಿಕ್ಕಿನ ಗೋಡೆಯ ಮೇಲೂ ಈಗ ಎರಡು ಚೌಕಟ್ಟುಗಳಿವೆ, ಒಂದರಲ್ಲಿ ಡಾಕ್ಟರ ಹೆಸರು, ಇನ್ನೊಂದರಲ್ಲಿ ಕ್ಲಿನಿಕ್ಕಿನದು. 2017ರ ನವೆಂಬರಿನಲ್ಲಿ ಈ ಕಾಯ್ದೆಯ ತಿದ್ದುಪಡಿ ವಿರೋಧಿಸಿ ವೈದ್ಯರು ಬೆಳಗಾವಿಯಲ್ಲಿ ಪ್ರತಿಭಟನೆಗೆ ಕೂತರು. ರಾಜ್ಯದ ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಮುಚ್ಚಿದವು, ರೋಗಿಗಳು ಬಾಗಿಲಿಂದ ಬಾಗಿಲಿಗೆ ಅಲೆದರು. ಕೊನೆಗೆ ಮಸೂದೆ ಮೆದುವಾಗಿ ಅಂಗೀಕಾರವಾಯಿತು. ಆದರೂ ಬಾಕಿ ಹಣಕ್ಕಾಗಿ ಮೃತದೇಹವನ್ನು ತಡೆಹಿಡಿಯಬಾರದೆಂಬ ಮಾತು ಅದರಲ್ಲಿ ಉಳಿದುಕೊಂಡಿತು.

ಆ ಮುಷ್ಕರದ ದಿನಗಳಲ್ಲಿ ತಾಲ್ಲೂಕು ಕೇಂದ್ರದಲ್ಲಿ ಒಬ್ಬರೇ ಕೂತು ನೋಡುವ ಡಾಕ್ಟರೂ ನೂರಾರು ಹಾಸಿಗೆಗಳ ಕಂಪನಿಯೂ ಒಂದೇ ಕಡೆ ನಿಂತಿದ್ದರು. ಇಬ್ಬರನ್ನೂ 'ಸಂಸ್ಥೆ' ಎಂಬ ಒಂದೇ ಪದದಲ್ಲಿ ಕಟ್ಟಿದ್ದು ಕಾನೂನೇ. ಪದ ಒಂದೇ ಆದರೂ ಹೊರೆ ಒಂದೇ ಅಲ್ಲ. ಕಂಪನಿಗೆ ಕಾಗದಪತ್ರ ನೋಡಿಕೊಳ್ಳಲು ಬೇರೆ ವಿಭಾಗವೇ ಇರುತ್ತದೆ, ಒಂಟಿ ಡಾಕ್ಟರಿಗೆ ರೋಗಿಗಳೆಲ್ಲ ಹೋದ ಮೇಲಿನ ರಾತ್ರಿ ಮಾತ್ರ. ಅಂಥವರು ಸಾಕಪ್ಪಾ ಎಂದು ಬಾಗಿಲು ಹಾಕಿದರೆ ಆ ಊರಿನವರು ಹೋಗಬೇಕಾದದ್ದು ದೂರದ ದೊಡ್ಡ ಆಸ್ಪತ್ರೆಗೇ. ಹಾಗೆಂದು ಪರವಾನಗಿಯೇ ಬೇಡವೆಂದರೆ ರೋಗಿಗೆ ಕೇಳುವ ಬಾಗಿಲೇ ಇಲ್ಲವಾಗುತ್ತದೆ. ಯಾರು ಮುಟ್ಟಿದರು, ಎಲ್ಲಿ ಮಲಗಿಸಿದರು, ಲಾಭ ಯಾರಿಗೆ ಹೋಯಿತು ಎಂಬ ಮೂರನ್ನೂ ರೋಗಿ ಕೇಳಬಲ್ಲವನಾಗಬೇಕು. ಮೊದಲೆರಡು ಪ್ರಶ್ನೆಗಳಿಗೆ ನಾವು ನೂರು ವರ್ಷದಲ್ಲಿ ಎರಡು ಚೌಕಟ್ಟು ಹಾಕಿದ್ದೇವೆ. ಮೂರನೆಯದರ ಜಾಗ ಗೋಡೆಯ ಮೇಲೆ ಇನ್ನೂ ಖಾಲಿಯಿದೆ.