ಜೋಡಿ ಫೋಟೋದ ನೆವ

ನಮ್ಮಪ್ಪ ತೆಗೆದ ಜೋಡಿ ಫೋಟೋಗಳಲ್ಲಿ ಗಂಡ ಕುರ್ಚಿಯ ಮೇಲೆ ಕೂತಿರುತ್ತಾನೆ, ಹೆಂಡತಿ ಪಕ್ಕದಲ್ಲಿ ನಿಂತಿರುತ್ತಾಳೆ. ಇಬ್ಬರ ನಡುವೆ ಗೇಣು ಜಾಗ. ಆಕೆಯ ಒಂದು ಕೈ ಕುರ್ಚಿಯ ಬೆನ್ನಿನ ಮೇಲೆ, ಗಂಡನ ಹೆಗಲಿಗೆ ತಾಗದಷ್ಟು ದೂರದಲ್ಲಿ. ಹೀಗೇ ಯಾಕೆ ಎಂದು ಕೇಳಿದರೆ ಅಪ್ಪ ಎರಡು ಕಾರಣ ಹೇಳುತ್ತಿದ್ದರು. ಒಂದು ಗಂಡಸಿನ ಮರ್ಯಾದೆ, ಇನ್ನೊಂದು ಸೀರೆಯ ದಡಿ. "ಕುಂತ್ರ ದಡಿ ಮುಚ್ಚಿ ಹೋಗತೈತಿ. ದಡಿ ಕಾಣದ ಫೋಟೋಕ್ಕ ಬೀಗರು ರೊಕ್ಕಾ ಕೊಡೂದಿಲ್ಲಪಾ."

ಅಪ್ಪನ ಸ್ಟುಡಿಯೋ ಇದ್ದದ್ದು ಧಾರವಾಡದ ಸುಭಾಸ ರೋಡಿನ ಹಿಂದಿನ ಓಣಿಯಲ್ಲಿ, ಮನೆ ಸತ್ತೂರಿನಲ್ಲಿ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವಿನ ಇಪ್ಪತ್ತು ಕಿಲೋಮೀಟರ್ ದಾರಿಯಲ್ಲಿ, ನವಲೂರಿನ ಮಗ್ಗುಲಿಗೆ ಇರುವ ಊರು ನಮ್ಮದು. ಅಪ್ಪನ ಕ್ಯಾಮೆರಾ ನನಗೆ ಬಂತು, ನನ್ನದು ಮಗಳಿಗೆ ಹೋಗಿದೆ. ಮೂರು ತಲೆಮಾರು ಜೋಡಿಗಳನ್ನು ನಿಲ್ಲಿಸಿ ನೋಡಿದ ಮೇಲೆ ಹೇಳಬಹುದಾದ ಮಾತು ಒಂದೇ: ಹೊಸ ಗಂಡ ಹೆಂಡತಿ ಇಬ್ಬರೇ ಹೊರಗೆ ಹೋಗಬೇಕಾದರೆ ನಮ್ಮ ಕಡೆ ಯಾವಾಗಲೂ ಒಂದು ನೆವ ಬೇಕಾಗಿತ್ತು. ಆ ನೆವವನ್ನು ಮೊದಲು ಪಂಚಾಂಗ ಕೊಟ್ಟಿತು, ಆಮೇಲೆ ಸ್ಟುಡಿಯೋ ಕೊಟ್ಟಿತು, ಈಗ ಫೋಟೋವೇ ನೆವ.

ಧಾರವಾಡ ಸೀಮೆಗೆ ಕ್ಯಾಮೆರಾ ಬಂದು ಬಹಳ ಕಾಲವಾಯಿತು. ಪಿಗೂ, ನೀಲ್, ಬಿಗ್ಸ್ ಎಂಬ ಮೂವರು ಬ್ರಿಟಿಷರು 1850ರ ದಶಕದಲ್ಲಿ ಈ ಭಾಗದ ಗುಡಿಗಳ ಚಿತ್ರ ತೆಗೆದರು. ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವುಗಳಿಗೆ ವಿವರಣೆ ಬರೆದು, 1866ರಲ್ಲಿ ಲಂಡನ್ನಿನಿಂದ 'ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್' ಎಂಬ ದೊಡ್ಡ ಪುಸ್ತಕ ಬಂತು. ಅವರಿಗೆ ಬೇಕಾಗಿದ್ದದ್ದು ಕಲ್ಲು. ಆಗಿನ ಕ್ಯಾಮೆರಾಕ್ಕೆ ಒಂದು ಚಿತ್ರಕ್ಕೆ ಬಹಳ ಹೊತ್ತು ಬೆಳಕು ಉಣಿಸಬೇಕಿತ್ತು, ಅಷ್ಟು ಹೊತ್ತು ಅಲುಗದೆ ನಿಲ್ಲುವುದು ಕಂಬಕ್ಕೆ ಮಾತ್ರ ಸಾಧ್ಯ. ಗುಡಿಯ ಎದುರು ಗಂಡ ಹೆಂಡತಿ ಜೋಡಿಯಾಗಿ ನಿಂತು ಫೋಟೋ ತೆಗೆಸಿಕೊಳ್ಳುವ ಕಾಲ ಬರಲು ಇನ್ನೂ ನೂರು ವರ್ಷ ಬೇಕಾಯಿತು.

ಆ ನೂರು ವರ್ಷ ಜನ ಮನೆಯಲ್ಲೇನೂ ಕೂತಿರಲಿಲ್ಲ. ಪಂಚಾಂಗ ನೋಡಿ ಹೊರಡುತ್ತಿದ್ದರು. ಶ್ರಾವಣದ ಶನಿವಾರ ನುಗ್ಗಿಕೇರಿ ಹನುಮಪ್ಪ, ಸೋಮವಾರ ಸೋಮೇಶ್ವರ. ಸೋಮೇಶ್ವರ ಗುಡಿಯ ಹತ್ತಿರವೇ ಶಾಲ್ಮಲೆ ಹುಟ್ಟುತ್ತಾಳೆ. ನುಗ್ಗಿಕೇರಿಯಲ್ಲಿ ಗುಡಿಯ ಮಗ್ಗುಲಿಗೇ ಕೆರೆ. ಕಲಘಟಗಿ ರಸ್ತೆಯ ಆ ಬದಿ ಮಲೆನಾಡಿನ ಸೆರಗು, ಶ್ರಾವಣದ ಹೊತ್ತಿಗೆ ಹಸಿರು ಕಣ್ಣಿಗೆ ಕಟ್ಟುತ್ತದೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ನಡೆದು ಹೋಗುವಾಗ ಹೊಸ ಜೋಡಿ ನಾಲ್ಕು ಮಾರು ಹಿಂದೆ ಉಳಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆ ನಾಲ್ಕು ಮಾರೇ ಅವರ ಪಾಲಿನ ತಿರುಗಾಟ.

ಸತ್ತೂರಿನವರಿಗೆ ವರ್ಷದ ದೊಡ್ಡ ಹೊರಸಂಚಾರ ಎಂದರೆ ಎಳ್ಳಮವಾಸ್ಯೆ. ಮೂಡಣ ದಿಕ್ಕಿನ ಎರಿ ಹೊಲದಲ್ಲಿ ಬಿಳಿಜೋಳ ಎದೆಮಟ್ಟ ನಿಂತಿರುತ್ತಿತ್ತು, ಕಡಲೆ ಹೂ ಬಿಟ್ಟಿರುತ್ತಿತ್ತು. ಚಕ್ಕಡಿಯಲ್ಲಿ ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಮೊಸರಿನ ಬಾನ. ಹೊಲದಲ್ಲಿ ಐದು ಕಲ್ಲು ಇಟ್ಟು ಸುಣ್ಣ ಹಚ್ಚಿ ಪಾಂಡವರೆಂದು ಪೂಜೆ ಮಾಡಿ, ಮನೆಯ ಹಿರಿಯ ಹೊಲದ ಸುತ್ತ ಚರಗ ಚೆಲ್ಲುತ್ತ ಬರುವನು. ಊಟವಾದ ಮೇಲೆ ಹಿರಿಯರಿಗೆ ನಿದ್ದೆ, ಮಕ್ಕಳಿಗೆ ಸುಲಗಾಯಿ. ಹೊಸ ಸೊಸೆಗೆ ಅತ್ತೆಯೇ ಹೇಳುತ್ತಿದ್ದಳು: "ಹೋಗವಾ, ಹೊಲದ ಹದ್ದ ಎಲ್ಲಿತನಾ ಐತಿ ಅಂತ ನೋಡಕೊಂಡ ಬಾ, ಅಂವಾ ತೋರಸ್ತಾನ." ಹದ್ದು ತೋರಿಸಲು ಎಷ್ಟು ಹೊತ್ತು ಬೇಕೆಂದು ಅತ್ತೆಗೂ ಗೊತ್ತು. ನಮ್ಮ ಹೊಲ ಎರಡೇ ಎಕರೆ ಇದ್ದರೂ ನಮ್ಮವ್ವನಿಗೆ ಅದನ್ನು ನೋಡಲು ಒಂದು ಮಧ್ಯಾಹ್ನ ಹಿಡಿಯಿತಂತೆ.

ಸ್ಟುಡಿಯೋ ಬಂದ ಮೇಲೆ ನೆವ ಪೇಟೆಗೆ ಸರಿಯಿತು. ಮದುವೆಯ ದಿನವೇ ಫೋಟೋ ತೆಗೆಸುವುದು ಉಳ್ಳವರ ಮಾತು. ಉಳಿದವರು ಮದುವೆಯಾಗಿ ತಿಂಗಳೋ ಎರಡು ತಿಂಗಳೋ ಕಳೆದು, ಸುಗ್ಗಿಯ ರೊಕ್ಕ ಕೈಗೆ ಬಂದಾಗ ಧಾರವಾಡಕ್ಕೆ ಬರುತ್ತಿದ್ದರು. ಜೋಡಿಯ ಸಂಗಡ ಕಾವಲಿಗೆಂದು ಮೈದುನನನ್ನು ಕಳಿಸುವುದು ವಾಡಿಕೆ. ಎಂಟು-ಹತ್ತು ವರ್ಷದ ಆ ಹುಡುಗನಿಗೆ ಅಪ್ಪ ಲಿಂಬಿಹುಳಿ ಕೊಟ್ಟು ಸ್ಟೂಲಿನ ಮೇಲೆ ಕೂರಿಸುತ್ತಿದ್ದರು. ಕೆಲವು ನೆಗೆಟಿವ್‌ಗಳ ಅಂಚಿನಲ್ಲಿ ಅವನ ಮೊಣಕೈ ಬಂದಿದೆ.

ಸ್ಟುಡಿಯೋದಲ್ಲಿ ಒಂದು ಕೋಟು, ಒಂದು ಟೈ, ನಿಂತುಹೋದ ಒಂದು ಕೈಗಡಿಯಾರ ಬಾಡಿಗೆಯಿಲ್ಲದೆ ಸಿಗುತ್ತಿದ್ದವು. ಹಿಂದೆ ಪರದೆ. ಅದರಲ್ಲಿ ಅರಮನೆಯ ಮೆಟ್ಟಿಲು, ಕಾರಂಜಿ, ಹಂಸವಿರುವ ಕೊಳ. ಬರೆದವರು ನಾಟಕ ಕಂಪನಿಗೆ ಪರದೆ ಬರೆಯುವ ಕಲಾವಿದರು. ನಮ್ಮ ಭಾಗದಲ್ಲಿ ಕಂಪನಿ ನಾಟಕಗಳು ಜೋರಾಗಿದ್ದ ಕಾಲವದು. ಮಳೆಗಾಲದಲ್ಲಿ ಆಟ ಕಡಿಮೆಯಾಗಿ ಅವರ ಕೈ ಖಾಲಿಯಾದಾಗ ಅಪ್ಪ ಹೊಸ ಪರದೆ ಬರೆಸುತ್ತಿದ್ದರು. ಹೀಗಾಗಿ ರಾಜನ ಪಾತ್ರಧಾರಿಯ ಹಿಂದೆ ಇದ್ದ ಉದ್ಯಾನವೇ ಹೆಬ್ಬಳ್ಳಿಯ ರೈತನ ಹಿಂದೆಯೂ ಬಂತು.

ಬಗ್ಗಿ ನೋಡುವ ಯಾಶಿಕಾ ಕ್ಯಾಮೆರಾ ಅಪ್ಪನದು. 120 ರೋಲಿನಲ್ಲಿ ಹನ್ನೆರಡು ಚೌಕ ಚಿತ್ರ. ಅದರ ಗಾಜಿನಲ್ಲಿ ಎಡ ಬಲ ಅದಲು ಬದಲಾಗಿ ಕಾಣುತ್ತವೆ. ಜೋಡಿಯನ್ನು ಹತ್ತಿರ ಸರಿಸಲು ಅಪ್ಪ ಇದನ್ನೇ ಬಳಸುತ್ತಿದ್ದರು. "ತಂಗೀ, ಚೂರು ಎಡಕ್ಕ. ಅಲ್ಲಲ್ಲ, ಈ ಕಡೆ. ಕ್ಯಾಮೆರಾದಾಗ ಉಲ್ಟಾ ಕಾಣತೈತಿ ನೋಡವಾ." ಹೀಗೆ ಆ ಕಡೆ ಈ ಕಡೆ ಸರಿಸುವಷ್ಟರಲ್ಲಿ ಗೇಣು ಇದ್ದದ್ದು ಬೆರಳಿಗೆ ಇಳಿಯುತ್ತಿತ್ತು, ಹುಡುಗಿ ನಗುತ್ತಿದ್ದಳು, ಅಪ್ಪ ಒತ್ತುತ್ತಿದ್ದರು. ಫಿಲ್ಮು ಸುಲಭಕ್ಕೆ ಸಿಗುವ ಮಾಲಾಗಿರಲಿಲ್ಲ. ಪೂರ್ವ ಜರ್ಮನಿಯ ಓರ್ವೋ, ಆಮೇಲೆ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು'. ಎಲ್ಲ ಕಪ್ಪು ಬಿಳುಪು. ಬಣ್ಣ ಬೇಕಾದವರಿಗೆ ಕುಂಚದಿಂದ ಹಚ್ಚಿ ಕೊಡಬೇಕು. ಅದಕ್ಕಾಗಿ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಗುರುತು: ಸೀರಿ ಹಸರು, ದಡಿ ಚಿಕ್ಕಿ ಪರಾಸ, ಕುಬಸ ಕೆಂಪು. ಆ ಲಕೋಟೆಗಳು ಈಗಲೂ ನಮ್ಮ ಟ್ರಂಕಿನಲ್ಲಿವೆ. ಆ ಕಾಲದ ಹೆಣ್ಣುಮಕ್ಕಳು ಏನು ಉಡುತ್ತಿದ್ದರು ಎನ್ನುವುದಕ್ಕೆ ನನ್ನ ಬಳಿ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಫೋಟೋಕ್ಕೆ ಹಿಡಿಯುತ್ತಿದ್ದದ್ದು ಹತ್ತು ನಿಮಿಷ, ಮನೆಯಲ್ಲಿ ಸಿಕ್ಕ ಪರವಾನಗಿ ಇಡೀ ದಿನದ್ದು. ಉಳಿದ ಹೊತ್ತಿನಲ್ಲಿ ಆಜಾದ್ ಪಾರ್ಕಿನ ಕಟ್ಟೆ, ಲೈನ್ ಬಜಾರಿನ ಪೇಡೆ, ಆದರೆ ಒಂದು ಮ್ಯಾಟಿನಿ. ಮೈದುನನ ಬಾಯಿ ಕಟ್ಟಲು ಪೇಡೆಯೇ ಸಾಕಾಗುತ್ತಿತ್ತು.

ಕ್ಯಾಮೆರಾ ಬಯಲಿಗೆ ಬಿದ್ದದ್ದು ಕಾಲೇಜು ಹುಡುಗರಿಂದ. ಬಡೋದೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಬಂದ ಮೇಲೆ ಫೋಟೋಕ್ಕೆ ಸ್ಟುಡಿಯೋ ಬೇಕೇ ಬೇಕು ಎನ್ನುವುದು ಹೋಯಿತು. ಅಲ್ಲಿಂದ ಇಲ್ಲಿಯವರೆಗೆ ಅವಳಿನಗರದ ಜೋಡಿಗಳು ಫೋಟೋಕ್ಕೆ ಆರಿಸಿಕೊಂಡ ಜಾಗಗಳ ಪಟ್ಟಿ ಮಾಡಿದರೆ ಒಂದು ಸಂಗತಿ ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು ಚಂದಕ್ಕೆಂದು ಮಾಡಿದವಲ್ಲ.

ಕರ್ನಾಟಕ ಕಾಲೇಜಿನ ಕಲ್ಲಿನ ಕಟ್ಟಡವನ್ನೇ ತೆಗೆದುಕೊಳ್ಳಿ. ಅದು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿತ್ತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಕೂಡಿ ಮುಖ್ಯ ಕಚೇರಿ ಮದ್ರಾಸಿಗೆ ಹೋಯಿತು. 1917ರಲ್ಲಿ ಶುರುವಾದ ಕಾಲೇಜು ಕೆಲವೇ ವರ್ಷಗಳಲ್ಲಿ ಆ ಕಟ್ಟಡಕ್ಕೆ ಬಂತು. ರೈಲಿನ ಲೆಕ್ಕ ಬರೆಯುತ್ತಿದ್ದ ಕಾರಕೂನರು ಓಡಾಡಿದ ಕಮಾನುಗಳ ಕೆಳಗೆ ಈಗ ಮದುಮಕ್ಕಳು ನಿಲ್ಲುತ್ತಾರೆ. ಊರಾಚೆಯ ಛೋಟಾ ಮಹಾಬಳೇಶ್ವರ ಗುಡ್ಡಕ್ಕೆ ವಿಶ್ವವಿದ್ಯಾಲಯ ಬಂದು, 1954ರಿಂದ 1967ರವರೆಗೆ ಕುಲಪತಿಯಾಗಿದ್ದ ಡಿ.ಸಿ. ಪಾವಟೆಯವರ ಕಾಲದಲ್ಲಿ ಅಲ್ಲಿ ಕಟ್ಟಡಗಳು, ಮರಗಳ ಸಾಲು ಎದ್ದವು. ಓದುವುದಕ್ಕೆಂದು ಮಾಡಿದ ಆ ನೆರಳು ಜೋಡಿಗಳಿಗೂ ಒದಗಿತು.

ಉಣಕಲ್ ಕೆರೆ ಹುಬ್ಬಳ್ಳಿಯವರಿಗೆ ಕುಡಿಯುವ ನೀರು ಕೊಟ್ಟ ಕೆರೆ. ನೀರಸಾಗರ, ಆಮೇಲೆ ಮಲಪ್ರಭೆಯ ನೀರು ಬಂದ ಮೇಲೆ ಕೊಡ ತುಂಬಿಸುವ ಕೆಲಸ ಮುಗಿದು ಅದಕ್ಕೆ ದಂಡೆಯ ಕೆಲಸ ಶುರುವಾಯಿತು. ಉದ್ಯಾನ, ದೋಣಿ, ನೀರಿನ ನಡುವೆ ವಿವೇಕಾನಂದರ ಮೂರ್ತಿ. ಅಂತರಗಂಗೆ ಹಬ್ಬಿದ ವರ್ಷಗಳಲ್ಲಿ ಹೊರಗಿನಿಂದ ಬಂದ ಗಿರಾಕಿಗಳು "ಆ ಲಾನ್ ಮ್ಯಾಲೆ ಒಂದು ತೆಗೀರಿ" ಎಂದು ನನಗೆ ಹೇಳಿದ್ದುಂಟು. ಊರೊಳಗೆ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿಯಿದೆ. ಕೆರೆಗೆ ಬರುವ ಜೋಡಿಗಳಲ್ಲಿ ಅರ್ಧದಷ್ಟಾದರೂ ಅತ್ತ ಹೊರಳಿದರೆ ಅದರ ಕಲ್ಲಿನ ಮೇಲೆ ಸಂಜೆ ಬೆಳಕು ಹೇಗೆ ಬೀಳುತ್ತದೆಂದು ತಿಳಿಯುತ್ತಿತ್ತು.

ಸಾಧನಕೇರಿಯ ಮಾತೇ ಬೇರೆ. ಅಲ್ಲಿಗೆ ಕರೆಯಲು ಕವಿಯೇ ಇದ್ದರು. ಬೇಂದ್ರೆಯವರು ಬದುಕಿದ್ದಾಗ, ಅಂದರೆ 1981ರವರೆಗೆ, ಆ ಕೆರೆಯ ದಂಡೆಯಲ್ಲಿ ಜೋಡಿಯಾಗಿ ನಿಲ್ಲಲು ಹುಡುಗರಿಗೆ ಹೆದರಿಕೆ. ಅಜ್ಜ ಛತ್ರಿ ಹಿಡಿದು ಎದುರಾದರೆ ಯಾವ ಓಣಿ, ಯಾರ ಮಗ, ಏನು ಓದಿದ್ದೀ ಎಂದು ವಿಚಾರಣೆಯಾದೀತು ಎಂದು. ಈಗ ಉದ್ಯಾನವಾಗಿದೆ. ಸಾಧನಕೇರಿಗೆ ಕರೆಯುವ ಅವರ ಕವಿತೆಯ ಹೆಸರನ್ನು ಹುಡುಗರು ಫೋಟೋದ ಕೆಳಗೆ ಹಾಕುತ್ತಾರೆ, ಕೆಲವರಿಗೆ ಪೂರ್ತಿ ಬಾಯಿಪಾಠವೂ ಇದೆ.

ನಮ್ಮ ಸತ್ತೂರಿಗೆ ಗುಡ್ಡ, ಕೆರೆಗಳ ಆ ಹೆಸರಿಲ್ಲ. ನಮಗಿದ್ದದ್ದು ರಸ್ತೆ. ಪುಣೆ-ಬೆಂಗಳೂರು ರಸ್ತೆ ಎನ್ನುವ ಹಳೆಯ ಪಿ.ಬಿ. ರೋಡು, ಎರಡೂ ಬದಿ ಮರಗಳು, ಪಕ್ಕದ ನವಲೂರಿನ ಪೇರಲ ತೋಟಗಳು. ಹಂಗಾಮಿನಲ್ಲಿ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ರಸ್ತೆ ಬದಿಗೆ ಕೂರುವರು. ಸ್ಕೂಟರ್ ಬಂದ ಕಾಲಕ್ಕೆ "ಪೇರಲ ತರ್ತೀವಿ" ಎನ್ನುವುದೇ ಹುಬ್ಬಳ್ಳಿಯ ಜೋಡಿಗಳಿಗೆ ಊರು ಬಿಡುವ ನೆವವಾಯಿತು. ಮನೆಗೆ ಮರಳುವಾಗ ಸಾಕ್ಷಿಗೆ ಒಂದು ಕಿಲೋ ಪೇರಲ ಕೈಯಲ್ಲಿರುತ್ತಿತ್ತು. ಚಾಟ್ ಮಸಾಲೆ ಹಾಕಿ ನಾಲ್ಕು ಸೀಳು ಮಾಡಿಕೊಟ್ಟ ಹಣ್ಣು ತಿನ್ನುತ್ತ ಮರದ ಕೆಳಗೆ ನಿಂತವರ ಎಷ್ಟೋ ಫೋಟೋ ನಾನೇ ತೆಗೆದಿದ್ದೇನೆ.

1986ರಲ್ಲಿ ಸತ್ತೂರಿಗೆ ಎಸ್‌ಡಿಎಂ ದಂತವೈದ್ಯ ಕಾಲೇಜು ಬಂತು, 2003ರಲ್ಲಿ ವೈದ್ಯಕೀಯ ಕಾಲೇಜು. ಹೊಲಗಳು ಪ್ಲಾಟುಗಳಾದವು. ದೂರದೂರದ ಊರುಗಳಿಂದ ಬಂದ ಹುಡುಗ ಹುಡುಗಿಯರು ಯಾವ ನೆವವೂ ಇಲ್ಲದೆ ಸಂಜೆ ಜೋಡಿಯಾಗಿ ಅಡ್ಡಾಡುವುದನ್ನು ನಮ್ಮೂರಿನ ಹಿರಿಯರು ಕಟ್ಟೆಯ ಮೇಲೆ ಕೂತು ಮೊದಲ ವರ್ಷ ಬೈದರು, ಎರಡನೆಯ ವರ್ಷ ನೋಡಿದರು, ಮೂರನೆಯ ವರ್ಷ ಅವರಿಗೆ ಮನೆ ಬಾಡಿಗೆ ಕೊಟ್ಟರು. ಆಮೇಲೆ ತ್ವರಿತ ಬಸ್ಸಿಗಾಗಿ ರಸ್ತೆ ಅಗಲವಾಯಿತು. ಸಾಲು ಮರಗಳು ಹೋದವು. 2018ರಿಂದ ಚಿಗರಿ ಬಸ್ಸು ಓಡುತ್ತಿದೆ. ಬೇಗ ಮುಟ್ಟುತ್ತೇವೆ, ನಡುವೆ ನಿಲ್ಲುವ ನೆರಳಿಲ್ಲ.

ನನ್ನ ಕಸುಬಿನಲ್ಲಿ ದೊಡ್ಡ ಪಲ್ಲಟ ತಂದದ್ದು ಒಂದು ಸಿನಿಮಾ. 2006ರ ಡಿಸೆಂಬರಿನಲ್ಲಿ 'ಮುಂಗಾರು ಮಳೆ' ತೆರೆಗೆ ಬಂತು. ಅಲ್ಲಿಯವರೆಗೆ ಮಳೆ ಎಂದರೆ ಫೋಟೋಗ್ರಾಫರನಿಗೆ ಶತ್ರು. ಬೆಳಕು ಇಲ್ಲ, ಲೆನ್ಸಿಗೆ ಬೂಸ್ಟು, ಕಾಗದ ಒಣಗುವುದಿಲ್ಲ. ಮುಂದಿನ ಜೂನ್ ಬರುವಷ್ಟರಲ್ಲಿ ಹುಡುಗರು ಬಂದು "ಅಣ್ಣಾರ, ಮಳಿಯೊಳಗ ತೆಗೀರಿ" ಎನ್ನತೊಡಗಿದರು. ಮಳೆ ಬಾರದ ದಿನ ನಳದ ಪೈಪು ಹಿಡಿದು ನಿಲ್ಲುವುದಕ್ಕೆ ಒಬ್ಬನನ್ನು ಇಟ್ಟುಕೊಂಡೆ. ಅಷ್ಟರಲ್ಲಿ ಡಿಜಿಟಲ್ ಬಂದು ರೋಲಿನ ಹಂಗು ಹರಿದಿತ್ತು. ಮೊಬೈಲ್ ಬಂದ ಮೇಲೆ ಊರೇ ಸ್ಟುಡಿಯೋ ಆಯಿತು. 2023ರ ಮಾರ್ಚಿನಲ್ಲಿ ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮು, ಜಗತ್ತಿನಲ್ಲೇ ಉದ್ದನೆಯದು ಎಂಬ ಹೆಸರಿನೊಂದಿಗೆ ಉದ್ಘಾಟನೆಯಾಯಿತು. ಅಲ್ಲಿಯೂ ಜೋಡಿಗಳು ನಿಂತವು. ಅಷ್ಟು ಉದ್ದದ ಜಾಗದಲ್ಲಿ ಎಲ್ಲರಿಗೂ ಬೇಕಾದದ್ದು ಮಾತ್ರ ಹೆಸರಿನ ಫಲಕದ ಮುಂದಿನ ಮೂರು ಫೂಟು.

ಈಗ ನನ್ನ ಮಗಳು ಮಾಡುವುದು ಮದುವೆಗೆ ಮುಂಚಿನ ಶೂಟಿಂಗು. ಡ್ರೋನು, ಬಾಡಿಗೆಯ ಗೌನು, ಹೊಗೆಯ ಡಬ್ಬಿ ಎಲ್ಲ ಉಂಟು. ಮದುವೆಯಾದ ಮೇಲೂ ಗೇಣು ಅಂತರದಲ್ಲಿ ನಿಲ್ಲುತ್ತಿದ್ದವರ ಮೊಮ್ಮಕ್ಕಳು ಮದುವೆಗೆ ಮುಂಚೆಯೇ ಅಪ್ಪಿಕೊಂಡು ನಿಲ್ಲುತ್ತಾರೆ, ಹೆತ್ತವರು ಬದಿಗೆ ನಿಂತು ಛತ್ರಿ ಹಿಡಿಯುತ್ತಾರೆ. ಎಲ್ಲರೂ ಈ ಬದಲಾವಣೆಯ ಬಗ್ಗೆಯೇ ಮಾತಾಡುತ್ತಾರೆ. ನನಗೆ ಅದಕ್ಕಿಂತ ಮೋಜೆನಿಸುವುದು ಈ ಕೆಲಸದ ಹಂಗಾಮು.

ಆಷಾಢದಲ್ಲಿ ನಮ್ಮಲ್ಲಿ ಮದುವೆಗಳಿಲ್ಲ. ಹಿಂದೆ ಆ ತಿಂಗಳು ಹೊಸ ಸೊಸೆಯನ್ನು ತವರಿಗೆ ಕಳಿಸಿ ಗಂಡ ಹೆಂಡತಿಯನ್ನು ಅಗಲಿಸಿಡುತ್ತಿದ್ದರು. ಆಷಾಢದ ಬಸಿರು ಬಿರುಬೇಸಿಗೆಯ ಹೆರಿಗೆ ಎಂಬ ಹೆದರಿಕೆ ಒಂದು, ಬಿತ್ತನೆಯ ಕಾಲಕ್ಕೆ ಗಂಡುಮಗ ಹೊಲದಲ್ಲಿರಬೇಕು ಎಂಬ ಲೆಕ್ಕ ಇನ್ನೊಂದು. ಮದುವೆ ಇಲ್ಲದ್ದರಿಂದ ಕ್ಯಾಮೆರಾದವರಿಗೆ ಪುರಸೊತ್ತು, ಮಳೆ ಬಿದ್ದು ಗುಡ್ಡ ಹಸಿರು, ಶ್ರಾವಣದಲ್ಲೋ ಕಾರ್ತಿಕದಲ್ಲೋ ಮುಹೂರ್ತ. ಹೀಗಾಗಿ ಮದುವೆ ನಿಶ್ಚಯವಾದ ಜೋಡಿಗಳೆಲ್ಲ ಶೂಟಿಂಗಿಗೆ ಬರುವುದು ಇದೇ ಆಷಾಢದಲ್ಲಿ. ಅಗಲಿಕೆಗೆ ಮೀಸಲಾಗಿದ್ದ ತಿಂಗಳೇ ಜೊತೆಯಾಗಿ ತಿರುಗುವ ತಿಂಗಳಾಗಿದೆ. ಯಾರೂ ಹಟ ಮಾಡಿ ಮುರಿದ ಪದ್ಧತಿ ಇದಲ್ಲ. ಖಾಲಿ ಬಿದ್ದಿದ್ದ ದಿನಗಳು ಸಿಕ್ಕವು, ಜೋಡಿಗಳು ತುಂಬಿಕೊಂಡವು, ಅಷ್ಟೇ.

ಆದ್ದರಿಂದ ಪಂಚಾಂಗದ ಕಾಲ ಮುಗಿಯಿತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅಪ್ಪ ಮುಹೂರ್ತದ ದಿನಗಳಿಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು. ಮಗಳು ಮುಹೂರ್ತ ಇಲ್ಲದ ದಿನಗಳಿಗೆ ಎಳೆಯುತ್ತಾಳೆ. ಪಂಚಾಂಗ ಮಾತ್ರ ಇಬ್ಬರಿಗೂ ಬೇಕೇ ಬೇಕು.